ಎರಡೂ ಕೈಯಲ್ಲಿ ಡಂಬೆಲ್ ಹಿಡಿದು ಸೈಡ್ ಬೆಂಡ್ ಮಾಡಬೇಡಿ

ಸರ್, ನಿಮ್ಮ ವಿಡಿಯೋ ನೋಡಿದೆ. ತಿಂಗಳುಗಟ್ಟಲೆ ಸೈಡ್ ಬೆಂಡ್ (ನಿಂತು ಪಕ್ಕಕ್ಕೆ ವಾಲಿ ಏಳುವುದು) ಮಾಡಿದರೂ ಪಕ್ಕೆಗೆ ಏನೂ ಹತ್ತುತ್ತಿಲ್ಲ ಎಂದು ಕೇಳಿದ್ದೀರಿ. ಹೇಗೆ ಹತ್ತುತ್ತದೆ? ಎರಡೂ ಕೈಯಲ್ಲಿ ಹತ್ತತ್ತು ಕೆ.ಜಿ. ಹಿಡಿದಿದ್ದೀರಿ. ಬಲಕ್ಕೆ ವಾಲಿದಾಗ ಎಡಗೈಯ ಡಂಬೆಲ್ಲೇ ನಿಮ್ಮನ್ನು ವಾಪಸ್ ಎಳೆಯುತ್ತದೆ. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕ ಹಾಕಿದ ಹಾಗೆ. ನಾನೂ ಮೊದಲು ಹೀಗೇ ಮಾಡುತ್ತಿದ್ದೆ. ಕೈ ಸುಸ್ತಾಗುತ್ತಿತ್ತೇ ಹೊರತು ಪಕ್ಕೆಗೆ ಕೆಲಸವೇ ಇರಲಿಲ್ಲ.

ಒಂದೇ ಕೈಯಲ್ಲಿ ಹಿಡಿಯಿರಿ. ಬಲಗೈಯಲ್ಲಿ ಭಾರ ಇದ್ದರೆ ದುಡಿಯುವುದು ಎಡಪಕ್ಕೆ. ಭಾರ ಇರುವ ಕಡೆ ಉರಿಯುತ್ತಿಲ್ಲ ಎಂದು ಗಾಬರಿಯಾಗಬೇಡಿ. ನಿಧಾನಕ್ಕೆ ಇಳಿಯಿರಿ, ಮುಂದಕ್ಕೆ ಬಾಗಬೇಡಿ.

ಆದರೆ ನನಗೆ ನಿಜವಾಗಿ ಫಲ ಕೊಟ್ಟಿದ್ದು ಸೂಟ್‌ಕೇಸ್ ಕ್ಯಾರಿ. ಒಂದು ಕೈಯಲ್ಲಿ ಭಾರ ಹಿಡಿದು ನೆಟ್ಟಗೆ ನಡೆಯುವುದು, ಅಷ್ಟೇ. ಇದಕ್ಕೆ ಜಿಮ್ ಕೂಡ ಬೇಕಾಗಿಲ್ಲ. ಬಕೆಟ್ಟಿಗೆ 15 ಲೀಟರ್ ನೀರು ತುಂಬಿದರೆ 15 ಕೆ.ಜಿ. ಆಯಿತು. ಟೆರೇಸಿನ ಆ ತುದಿಗೆ ಹೋಗಿ, ಕೈ ಬದಲಿಸಿ, ಈ ತುದಿಗೆ ಬನ್ನಿ. ನೀರು ತುಳುಕಬಾರದು. ತುಳುಕಿದರೆ ಸೊಂಟ ಅಲ್ಲಾಡುತ್ತಿದೆ ಎಂದರ್ಥ. ಕನ್ನಡಿಗಿಂತ ಇದೇ ಒಳ್ಳೆಯ ಪರೀಕ್ಷೆ. ಭಾರದ ಕಡೆಗೆ ವಾಲಬಾರದು ಎಂದು ಎಲ್ಲರಿಗೂ ಗೊತ್ತು. ಎದುರು ಕಡೆಗೂ ವಾಲಬಾರದು ಎನ್ನುವುದನ್ನೇ ಜಾಸ್ತಿ ಜನ ಮರೆಯುತ್ತಾರೆ. ಹಾಗೆ ವಾಲಿದರೆ ಭಾರ ಮೂಳೆಯ ಮೇಲೆ ಕೂರುತ್ತದೆ, ಪಕ್ಕೆಗೆ ರಜೆ. ಭುಜ ಕಿವಿಯ ಹತ್ತಿರಕ್ಕೆ ಏರಬಾರದು. ಉಸಿರು ಬಿಗಿಹಿಡಿಯಬೇಡಿ, ಬಿಪಿ ಇರುವವರಂತೂ ಬೇಡವೇ ಬೇಡ. ಟೆರೇಸ್ ಒದ್ದೆ ಇದ್ದ ದಿನವೂ ಬೇಡ. ಇದು ಸುಲಭ ಅನ್ನಿಸಿದ ಮೇಲೆ ಕೆಟಲ್‌ಬೆಲ್‌ಗೆ (ಹಿಡಿ ಇರುವ ಕಬ್ಬಿಣದ ಗುಂಡು) ಹೋಗಿ.

ಜೊತೆಗೆ ಸೈಡ್ ಪ್ಲ್ಯಾಂಕ್, ಅಂದರೆ ಪಕ್ಕಕ್ಕೆ ಮಲಗಿ, ಒಂದು ಮೊಣಕೈ ಊರಿ ಮೈಯನ್ನು ನೆಟ್ಟಗೆ ಎತ್ತಿ ಹಿಡಿಯುವುದು. ನಿಮಿಷಗಟ್ಟಲೆ ನಡುಗುತ್ತಾ ನಿಲ್ಲುವ ಹಟ ಬಿಡಿ. ಬೆನ್ನಿನ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಅವರು ಹೇಳುವುದು 10 ಸೆಕೆಂಡಿನ ಹೋಲ್ಡ್, ಮತ್ತೆ ಮತ್ತೆ. ಮೊಣಕೈ ಭುಜದ ನೇರ ಕೆಳಗೆ ಇರಲಿ. ಆಗದಿದ್ದರೆ ಮಂಡಿ ಊರಿ ಮಾಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಕೆಳಗೆ ಕಾಮೆಂಟಿನಲ್ಲಿ ಯಾರೋ ರಷ್ಯನ್ ಟ್ವಿಸ್ಟ್ (ಕೂತು, ಹಿಂದಕ್ಕೆ ವಾಲಿ ಮೈಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು) 100 ಮಾಡಿ ಎಂದಿದ್ದಾರೆ. ದಯವಿಟ್ಟು ಸುಮ್ನೆ ಹಾಗೆ ಹೇಳಬೇಡಿ. ಸೊಂಟದ ಹತ್ತಿರದ ಬೆನ್ನುಮೂಳೆಗಳು ತಿರುಗುವುದು ತುಂಬಾ ಕಡಿಮೆ. ತಿರುಗಬೇಕಾದ್ದು ಎದೆ ಭಾಗದ ಬೆನ್ನು. ಬೆನ್ನು ಗೂನು ಮಾಡಿಕೊಂಡು, ತೂಕದ ಪ್ಲೇಟ್ ಹಿಡಿದು ಪಟಪಟ ತಿರುಗಿದರೆ ನೋವು ಬರಬಹುದು. ಬದಲಿಗೆ ಪ್ಯಾಲಫ್ ಪ್ರೆಸ್ ಮಾಡಿ. ವ್ಯಾಯಾಮದ ರಬ್ಬರ್ ಬ್ಯಾಂಡನ್ನು ಕಿಟಕಿ ಗ್ರಿಲ್‌ಗೆ ಎದೆಯ ಎತ್ತರಕ್ಕೆ ಕಟ್ಟಿ, ಗ್ರಿಲ್ ನಿಮ್ಮ ಪಕ್ಕಕ್ಕೆ ಬರುವಂತೆ ನಿಂತು, ಬ್ಯಾಂಡನ್ನು ಎರಡೂ ಕೈಯಿಂದ ಹಿಡಿದು ಎದೆಯ ಮುಂದಕ್ಕೆ ಚಾಚಿ. ಅದು ಎಳೆದರೂ ತಿರುಗದೆ ನಿಲ್ಲುವುದೇ ಕೆಲಸ. ಬ್ಯಾಂಡ್ ಡೆಕಾಥ್ಲಾನ್ ಅಂಗಡಿಯದು ತಗೊಳ್ಳಿ, ನನಗೆ ಚೆನ್ನಾಗಿ ಬಾಳಿಕೆ ಬಂದಿದೆ. ತೀರಾ ಅಗ್ಗದ್ದು ಬೇಡ, ಕಿತ್ತು ಮುಖಕ್ಕೆ ಹೊಡೆದರೆ ಕಣ್ಣಿಗೆ ಅಪಾಯ. ಯಾವ ಬ್ಯಾಂಡೇ ಆಗಲಿ, ಬಿರುಕು ನೋಡಿಯೇ ಎಳೆಯಿರಿ.

ಬೆವರು ಬರಿಸುವ ಬೆಲ್ಟಿಗೆ ಒಂದು ರೂಪಾಯಿಯೂ ಹಾಕಬೇಡಿ. ಹೋಗುವುದು ನೀರು, ಬೊಜ್ಜಲ್ಲ. ಪಕ್ಕೆ ವ್ಯಾಯಾಮದಿಂದ ಪಕ್ಕೆಯ ಬೊಜ್ಜೇ ಕರಗುತ್ತದೆ ಎನ್ನುವುದೂ ಸುಳ್ಳು. ಅದು ಊಟ ಮತ್ತು ಇಡೀ ದಿನದ ಓಡಾಟದ ಲೆಕ್ಕ. ರಾತ್ರಿ ಅನ್ನ ಕಡಿಮೆ ಮಾಡಿ ಕಾಳು, ಮೊಟ್ಟೆ, ಪಲ್ಯ ಜಾಸ್ತಿ ಮಾಡಿ.

ಮೈಸೂರು ಕಡೆಯವರಾದರೆ ಒಮ್ಮೆ ಗರಡಿ ಮನೆಗೆ ಹೋಗಿ ಗದೆ ತಿರುಗಿಸುವುದನ್ನು ನೋಡಿ. ತೋಳು ಸುತ್ತುತ್ತದೆ, ನಡು ಕದಲುವುದಿಲ್ಲ. ಕಲಿಯುವುದಿದ್ದರೆ ಉಸ್ತಾದರ ಎದುರಿಗೇ ಕಲಿಯಿರಿ, ಯೂಟ್ಯೂಬ್ ನೋಡಿ ಬೀಸಬೇಡಿ.

ಹರ್ನಿಯಾ, ಡಿಸ್ಕ್ ತೊಂದರೆ ಇರುವವರು, ಸಿಸೇರಿಯನ್ ಆದವರು ಮೊದಲು ಡಾಕ್ಟರನ್ನು ಕೇಳಿ. ಮತ್ತೆ ಸರ್, ಮುಂದಿನ ವಿಡಿಯೋ ಎದುರಿನಿಂದ ತೆಗೆಯಿರಿ. ಪಕ್ಕದಿಂದ ತೆಗೆದರೆ ನೀವು ವಾಲುತ್ತಿರುವುದು ನಮಗೆ ಕಾಣಿಸುವುದಿಲ್ಲ.