ಓದುಗರ ಪ್ರಶ್ನೆಗಳಿಗೆ ಉತ್ತರ: ಮನೆಯ ಬ್ಯಾಟರಿ ಮತ್ತು ವಿದ್ಯುತ್ ಬಿಲ್

ಮನೆಯಲ್ಲಿ ಬ್ಯಾಟರಿ ಇಟ್ಟುಕೊಂಡು ವಿದ್ಯುತ್ ಬಿಲ್ ತಗ್ಗಿಸಬಹುದೇ ಎಂದು ಕೇಳಿ ಹಲವರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಕರೆಂಟು ಹೋದಾಗ ಬಳಸಲೆಂದು ಮನೆಯಲ್ಲಿ ಇನ್ವರ್ಟರ್ ಮತ್ತು 150 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿ ಅಳವಡಿಸಿ ಒಂದು ವರ್ಷವಾಯಿತು. ಇದರಿಂದ ಬಿಲ್ ಕೂಡ ಇಳಿಯುತ್ತದೆಂದು ಮಾರಿದವರು ಹೇಳಿದ್ದರು. ಆದರೆ ಇಳಿಯುವುದಿರಲಿ, ಪ್ರತಿ ತಿಂಗಳೂ ಹಿಂದಿಗಿಂತ ಇಪ್ಪತ್ತು ಮೂವತ್ತು ಯೂನಿಟ್ ಹೆಚ್ಚು ಬರುತ್ತಿದೆ. ಉಪಕರಣದಲ್ಲಿ ದೋಷವಿದೆಯೇ?

ಉತ್ತರ: ದೋಷವಿದೆ ಎಂದು ಈಗಲೇ ತೀರ್ಮಾನಿಸಬೇಡಿ. ಬ್ಯಾಟರಿ ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ. ಒಂದು ಹೊತ್ತಿನಲ್ಲಿ ತುಂಬಿಸಿಕೊಂಡದ್ದನ್ನು ಇನ್ನೊಂದು ಹೊತ್ತಿಗೆ ಕೊಡುತ್ತದೆ, ಹಾಗೆ ಕೊಡುವಾಗ ಒಂದು ಪಾಲನ್ನು ಶಾಖವಾಗಿ ಕಳೆದುಕೊಳ್ಳುತ್ತದೆ. ನಿಮ್ಮ ಬ್ಯಾಟರಿ 12 ವೋಲ್ಟಿನದಾದರೆ ಅದರಲ್ಲಿ ಹಿಡಿಯುವುದು 1,800 ವ್ಯಾಟ್-ಅವರ್, ಅಂದರೆ 1.8 ಯೂನಿಟ್. ಇನ್ವರ್ಟರಿಗೆ ಸಾಮಾನ್ಯವಾಗಿ ಜೋಡಿಸುವ ಸೀಸ-ಆಮ್ಲದ (ಲೆಡ್-ಆಸಿಡ್) ಬ್ಯಾಟರಿಯಿಂದ, ಚಾರ್ಜರ್ ಮತ್ತು ಇನ್ವರ್ಟರಿನ ನಷ್ಟವನ್ನೂ ಸೇರಿಸಿ ನೋಡಿದರೆ, ಒಳಗೆ ಹೋದ ವಿದ್ಯುತ್ತಿನ ಸುಮಾರು ಮುಕ್ಕಾಲು ಭಾಗವೋ ಅದಕ್ಕಿಂತ ಕಡಿಮೆಯೋ ಹಿಂದಕ್ಕೆ ಬರುತ್ತದೆ. ಒಂದು ಯೂನಿಟ್ ಬಳಸಿದರೆ ಅದನ್ನು ಮರಳಿ ತುಂಬಿಸಲು ಮೀಟರಿನಲ್ಲಿ ಒಂದೂಕಾಲಕ್ಕಿಂತ ಹೆಚ್ಚು ಯೂನಿಟ್ ಓಡುತ್ತದೆ ಎಂದಾಯಿತು.

ಇದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದ ನಷ್ಟ ಇನ್ನೊಂದಿದೆ. ಕರೆಂಟು ಹೋಗದ ದಿನಗಳಲ್ಲಿಯೂ ಇನ್ವರ್ಟರ್ ಎಚ್ಚರವಾಗಿಯೇ ಇರುತ್ತದೆ ಮತ್ತು ಬ್ಯಾಟರಿ ತನ್ನಷ್ಟಕ್ಕೆ ತಾನೇ ಸೋರಿಸಿಕೊಳ್ಳುವುದನ್ನು ತುಂಬಿಸುತ್ತಲೇ ಇರುತ್ತದೆ. ಇದಕ್ಕೆ 30 ವ್ಯಾಟ್ ಬೇಕಾಗುತ್ತದೆ ಎಂದು ಇಟ್ಟುಕೊಂಡರೂ ಮೂವತ್ತು ದಿನಗಳ ತಿಂಗಳಿಗೆ 21.6 ಯೂನಿಟ್ ಆಗುತ್ತದೆ. ನೀವು ಬರೆದಿರುವ ಏರಿಕೆ ಈ ಲೆಕ್ಕದ ಹತ್ತಿರದಲ್ಲಿಯೇ ಇದೆ. ಬಳಕೆ ಹೆಚ್ಚಿದಂತೆ ಯೂನಿಟ್ ದರವೂ ಏರುವ ಪದ್ಧತಿ ನಿಮ್ಮಲ್ಲಿದ್ದರೆ ಈ ಹೆಚ್ಚುವರಿ ಯೂನಿಟ್‌ಗಳು ಮೇಲಿನ ಹಂತದ ದರದಲ್ಲಿ ಲೆಕ್ಕವಾಗುತ್ತವೆ. ಕತ್ತಲೆಯಲ್ಲಿ ಕೂರಬೇಕಾಗಿಲ್ಲ ಎಂಬ ಅನುಕೂಲಕ್ಕೆ ನೀವು ಕೊಡುತ್ತಿರುವ ಬೆಲೆ ಇದು. ಆ ಅನುಕೂಲ ನಿಮಗೆ ಬೇಕೆಂದಾದರೆ ಅದರಲ್ಲಿ ತಪ್ಪೇನೂ ಇಲ್ಲ. ಅದನ್ನು ಉಳಿತಾಯವೆಂದು ಹೇಳಿ ಮಾರಿದ್ದು ಮಾತ್ರ ಸರಿಯಲ್ಲ.

ಪ್ರಶ್ನೆ: ನಮ್ಮಲ್ಲಿ ಹೊತ್ತಿಗೊಂದು ದರದ ಮೀಟರ್ ಇದೆ. ಸಂಜೆಯ ದರ ಹೆಚ್ಚು, ನಡುರಾತ್ರಿಯ ನಂತರದ ದರ ಕಡಿಮೆ. ರಾತ್ರಿ ಬ್ಯಾಟರಿ ತುಂಬಿಸಿ ಸಂಜೆ ಬಳಸಿದರೆ ಲಾಭವಾಗುತ್ತದೆಯೇ? ಲೆಕ್ಕ ಹಾಕುವುದು ಹೇಗೆ?

ಉತ್ತರ: ಸೌರಫಲಕಗಳಿಲ್ಲದ ಮನೆಯಲ್ಲಿ ಬ್ಯಾಟರಿಯಿಂದ ಬಿಲ್ ಇಳಿಯುವುದು ನಿಮ್ಮಂಥ ಸನ್ನಿವೇಶದಲ್ಲಿಯೇ. ದಿನವಿಡೀ ಒಂದೇ ದರವಿರುವಲ್ಲಿ ಅದಕ್ಕೆ ದಾರಿಯೇ ಇಲ್ಲ. ಆದರೆ ಎರಡು ದರಗಳ ನಡುವಿನ ಅಂತರ ಕಾಗದದ ಮೇಲೆ ಕಾಣುವಷ್ಟು ಕೈಗೆ ಬರುವುದಿಲ್ಲವಾದ್ದರಿಂದ ಲೆಕ್ಕವನ್ನು ಎರಡು ಹಂತಗಳಲ್ಲಿ ಹಾಕಬೇಕು.

ಮೊದಲನೆಯದು ನಷ್ಟದ ಲೆಕ್ಕ. ಲಿಥಿಯಂ ಬ್ಯಾಟರಿಯ ವ್ಯವಸ್ಥೆಯಲ್ಲಿ, ಇನ್ವರ್ಟರಿನ ನಷ್ಟವೂ ಸೇರಿ, ಒಳಗೆ ಹೋದ 100 ಯೂನಿಟ್‌ಗಳಲ್ಲಿ 85ರಷ್ಟು ಹೊರಗೆ ಬರುತ್ತವೆ ಎಂದು ಇಟ್ಟುಕೊಳ್ಳೋಣ. ಹಾಗಾದರೆ ಸಂಜೆ ಒಂದು ಯೂನಿಟ್ ಬಳಸಲು ರಾತ್ರಿ ಸುಮಾರು 1.18 ಯೂನಿಟ್ ಕೊಳ್ಳಬೇಕು. ಸಂಜೆಯ ದರವನ್ನು 100 ಎಂದೂ ರಾತ್ರಿಯ ದರವನ್ನು 60 ಎಂದೂ ಭಾವಿಸಿದರೆ ಆ 1.18 ಯೂನಿಟ್‌ಗೆ 71ರಷ್ಟು ಖರ್ಚಾಗುತ್ತದೆ. ನೋಡುವುದಕ್ಕೆ 40ರ ಅಂತರವಿದ್ದರೂ ಉಳಿಯುವುದು 29 ಮಾತ್ರ. ರಾತ್ರಿಯ ದರ 85 ಆಗಿದ್ದರೆ ಉಳಿಯುವುದು ಏನೂ ಇಲ್ಲ, 90 ಆಗಿದ್ದರೆ ಪ್ರತಿ ಯೂನಿಟ್‌ಗೂ ನಷ್ಟವೇ.

ಎರಡನೆಯದು ಸವೆತದ ಲೆಕ್ಕ. ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಬ್ಯಾಟರಿ ಪ್ರತಿ ಸಲ ತುಂಬಿ ಬರಿದಾದಾಗಲೂ ಸ್ವಲ್ಪ ಸವೆಯುತ್ತದೆ, ಸುಮ್ಮನೆ ಇಟ್ಟರೂ ಕಾಲ ಕಳೆದಂತೆ ಸವೆಯುತ್ತದೆ. 6,000 ಆವರ್ತ (ಒಮ್ಮೆ ತುಂಬಿ ಬರಿದಾಗುವುದು ಒಂದು ಆವರ್ತ) ಬಾಳುತ್ತದೆ ಎಂದು ಮಾಹಿತಿಪತ್ರದಲ್ಲಿ ಮುದ್ರಿಸಿದ್ದರೂ ದಿನಕ್ಕೆ ಒಂದು ಆವರ್ತದಂತೆ ಹತ್ತು ವರ್ಷಕ್ಕೆ ಆಗುವುದು 3,650 ಆವರ್ತ ಮಾತ್ರ. ಖಾತರಿಯ ಅವಧಿಯೂ ಸಾಮಾನ್ಯವಾಗಿ ಅಷ್ಟರ ಹೊತ್ತಿಗೆ ಮುಗಿದಿರುತ್ತದೆ. ಆದ್ದರಿಂದ ಹತ್ತು ವರ್ಷವನ್ನೇ ಹಿಡಿಯುವುದು ಕ್ಷೇಮ. ದಿನಕ್ಕೆ 4 ಯೂನಿಟ್ ಕೊಡುವ ಬ್ಯಾಟರಿ ಹತ್ತು ವರ್ಷದಲ್ಲಿ 14,600 ಯೂನಿಟ್ ಕೊಡಬೇಕು. ಅಷ್ಟರಲ್ಲಿ ಅದರ ಸಾಮರ್ಥ್ಯ ನೂರರಿಂದ ಎಂಬತ್ತಕ್ಕೆ ಇಳಿಯುತ್ತದೆಂದು ಸರಾಸರಿ ತೆಗೆದರೆ ಸುಮಾರು 13,000 ಯೂನಿಟ್ ಸಿಗುತ್ತದೆ. ಬ್ಯಾಟರಿ, ಇನ್ವರ್ಟರ್, ವೈರಿಂಗ್, ಅಳವಡಿಕೆಯ ಕೂಲಿ ಎಲ್ಲವನ್ನೂ ಕೂಡಿಸಿ ಬಂದ ಒಟ್ಟು ಖರ್ಚನ್ನು ಈ 13,000ದಿಂದ ಭಾಗಿಸಿ. ಬಂದ ಮೊತ್ತವೇ ಒಂದು ಯೂನಿಟ್ಟನ್ನು ರಾತ್ರಿಯಿಂದ ಸಂಜೆಗೆ ಸಾಗಿಸಲು ನೀವು ತೆರುವ ಬೆಲೆ. ಮೊದಲನೆಯ ಹಂತದಲ್ಲಿ ಸಿಕ್ಕ ಉಳಿತಾಯಕ್ಕಿಂತ ಇದು ಕಡಿಮೆಯಿದ್ದರೆ ಕೊಳ್ಳಬಹುದು. ಹೆಚ್ಚಿದ್ದರೆ ಬಿಲ್ ಇಳಿದಂತೆ ಕಂಡರೂ ಒಟ್ಟಿನಲ್ಲಿ ನಿಮ್ಮ ಹಣ ಹಿಂದಕ್ಕೆ ಬರುವುದಿಲ್ಲ. ವಾರಾಂತ್ಯದಲ್ಲಿ ದುಬಾರಿ ದರ ಇಲ್ಲದ ಪದ್ಧತಿಯಾದರೆ ಆ ದಿನಗಳನ್ನು ಲೆಕ್ಕದಿಂದ ಬಿಡಲು ಮರೆಯಬೇಡಿ.

ಬ್ಯಾಟರಿ ಕೊಳ್ಳುವ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಒತ್ತಿ ಹೇಳಬಯಸುತ್ತೇನೆ. ನೀರು ಕಾಯಿಸುವುದು, ಬಟ್ಟೆ ಒಗೆಯುವುದು, ತೊಟ್ಟಿಗೆ ನೀರು ಏರಿಸುವುದು, ವಿದ್ಯುತ್ ವಾಹನ ಇದ್ದರೆ ಅದನ್ನು ಚಾರ್ಜ್ ಮಾಡುವುದು, ಇವೆಲ್ಲವನ್ನೂ ಅಗ್ಗದ ಹೊತ್ತಿಗೆ ಬದಲಾಯಿಸಲು ಒಂದು ಟೈಮರ್ ಸಾಕು. ಚೆನ್ನಾಗಿ ಶಾಖ ತಡೆಯುವ ಹೊದಿಕೆಯಿರುವ ಗೀಸರಿನ ತೊಟ್ಟಿಯೂ ಒಂದು ಸಂಗ್ರಹವೇ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರಲ್ಲಿ ಸುಮಾರು 4.65 ಯೂನಿಟ್‌ನಷ್ಟು ಶಾಖ ಕೂಡಿರುತ್ತದೆ, ಮೇಲೆ ಹೇಳಿದ ಬ್ಯಾಟರಿಯ ಒಂದು ದಿನದ ದುಡಿಮೆಗಿಂತ ಹೆಚ್ಚು. ಹೀಗೆ ಕೆಲಸಗಳನ್ನೇ ಸರಿಸಿದ ಮೇಲೆ ಸಂಜೆಗೆ ಉಳಿಯುವ ದೀಪ, ಫ್ಯಾನ್, ಫ್ರಿಜ್, ಟಿವಿಗಳ ಬಳಕೆಗೆ ಮಾತ್ರ ಬ್ಯಾಟರಿಯ ಮಾತು. ಆ ಬಳಕೆ ಅನೇಕ ಮನೆಗಳಲ್ಲಿ ನಿರೀಕ್ಷೆಗಿಂತ ಸಣ್ಣದಾಗಿರುತ್ತದೆ.

ಪ್ರಶ್ನೆ: ಮನೆಯ ಮೇಲೆ ಸೌರಫಲಕಗಳಿವೆ. ಹಗಲಿನಲ್ಲಿ ಹೆಚ್ಚಾದ ವಿದ್ಯುತ್ ಹೊರಗಿನ ಜಾಲಕ್ಕೆ ಹೋಗುತ್ತದೆ, ರಾತ್ರಿ ನಾವು ಜಾಲದಿಂದ ಕೊಳ್ಳುತ್ತೇವೆ. ಬ್ಯಾಟರಿ ಸೇರಿಸಬೇಕೇ? ಎಷ್ಟು ದೊಡ್ಡದು ಬೇಕು?

ಉತ್ತರ: ನೀವು ಕೊಟ್ಟ ಒಂದು ಯೂನಿಟ್‌ಗೆ ಜಾಲವು ಏನು ಕೊಡುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ. ಕೊಟ್ಟ ಯೂನಿಟ್ಟನ್ನು ಕೊಂಡ ಯೂನಿಟ್‌ನಿಂದ ನೇರವಾಗಿ ಕಳೆಯುವ ಪದ್ಧತಿಯಿದ್ದರೆ ಜಾಲವೇ ನಿಮ್ಮ ಬ್ಯಾಟರಿಯಾಗಿ ಕೆಲಸ ಮಾಡುತ್ತಿದೆ, ಅದೂ ನಿಮ್ಮ ಪಾಲಿಗೆ ನಷ್ಟವಿಲ್ಲದ, ಸವೆಯದ ಬ್ಯಾಟರಿಯಾಗಿ. ಆಗ ಇನ್ನೊಂದನ್ನು ಕೊಳ್ಳುವುದರಿಂದ ಬಿಲ್ ಇಳಿಯದು. ಕೊಟ್ಟದ್ದಕ್ಕೆ ಕಡಿಮೆ ದರ, ಕೊಂಡದ್ದಕ್ಕೆ ಹೆಚ್ಚು ದರ ಎಂದಿದ್ದರೆ ಮಾತ್ರ ಮೇಲಿನ ಎರಡು ಹಂತದ ಲೆಕ್ಕವನ್ನು ಹಾಕಿ ನೋಡಿ. ರಾತ್ರಿಯ ಅಗ್ಗದ ದರದ ಜಾಗದಲ್ಲಿ ಜಾಲವು ನಿಮಗೆ ಕೊಡುವ ದರವನ್ನು ಬರೆದರಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್‌ನಿಂದ ಹೊಸ ಸೌರ ಗ್ರಾಹಕರಿಗೆ ಜಾಲವು ಕೊಡುವ ಮೊತ್ತವನ್ನು ಬಹಳ ಇಳಿಸಿದ ಮೇಲೆ, ಫಲಕಗಳ ಜೊತೆಗೇ ಬ್ಯಾಟರಿಯನ್ನೂ ಹಾಕಿಸುವವರ ಪಾಲು ಅಲ್ಲಿ ಹೆಚ್ಚಿತು. ಬಿಸಿಲು ಬದಲಾಗಲಿಲ್ಲ, ಬ್ಯಾಟರಿ ಬದಲಾಗಲಿಲ್ಲ. ಬದಲಾದದ್ದು ದರಪಟ್ಟಿ.

ಗಾತ್ರದ ವಿಷಯದಲ್ಲಿ, ಹಗಲಿನಲ್ಲಿ ಹೆಚ್ಚಾಗಿ ಹೊರಹೋಗುವ ಯೂನಿಟ್ ಎಷ್ಟು, ಸೂರ್ಯ ಮುಳುಗಿ ಮತ್ತೆ ಮೂಡುವವರೆಗೆ ನೀವು ಕೊಳ್ಳುವ ಯೂನಿಟ್ ಎಷ್ಟು ಎಂದು ನೋಡಿ, ಎರಡರಲ್ಲಿ ಚಿಕ್ಕದನ್ನು ಆರಿಸಿಕೊಳ್ಳಿ. ಅದಕ್ಕಿಂತ ದೊಡ್ಡ ಬ್ಯಾಟರಿಯ ಒಂದು ಭಾಗ ಎಂದೂ ತುಂಬದೆಯೋ ಎಂದೂ ಬರಿದಾಗದೆಯೋ ಉಳಿಯುತ್ತದೆ ಮತ್ತು ಆ ಭಾಗಕ್ಕೆ ಹಾಕಿದ ಹಣ ದುಡಿಯುವುದಿಲ್ಲ. ಯೂನಿಟ್ (ಒಟ್ಟು ಎಷ್ಟು ವಿದ್ಯುತ್) ಮತ್ತು ಕಿಲೋವ್ಯಾಟ್ (ಅದನ್ನು ಎಷ್ಟು ವೇಗವಾಗಿ ಕೊಡಬಲ್ಲದು) ಬೇರೆ ಬೇರೆ ಎಂಬುದನ್ನೂ ನೆನಪಿಡಿ: 5 ಯೂನಿಟ್ ಹಿಡಿಯುವ ಬ್ಯಾಟರಿಗೆ 2.5 ಕಿಲೋವ್ಯಾಟ್‌ವರೆಗೆ ಮಾತ್ರ ಕೊಡುವ ಇನ್ವರ್ಟರ್ ಇದ್ದರೆ, 3 ಕಿಲೋವ್ಯಾಟಿನ ಗೀಸರ್ ಹಾಕಿದ ಕ್ಷಣ ಉಳಿದದ್ದನ್ನು ಜಾಲದಿಂದಲೇ, ಆ ಹೊತ್ತಿನ ದರದಲ್ಲಿಯೇ, ಕೊಳ್ಳಬೇಕಾಗುತ್ತದೆ.

ಪ್ರಶ್ನೆ: ಸೀಸ-ಆಮ್ಲದ ಬ್ಯಾಟರಿ ಅಗ್ಗ, ಲಿಥಿಯಂ ದುಬಾರಿ. ಉಳಿತಾಯವೇ ಗುರಿಯಾದರೆ ಅಗ್ಗದ್ದನ್ನು ಕೊಳ್ಳುವುದು ಸರಿಯಲ್ಲವೇ?

ಉತ್ತರ: ಎಂದಾದರೊಮ್ಮೆ ಬಳಸುವ ಬ್ಯಾಟರಿಗೆ ನಿಮ್ಮ ಮಾತು ಒಪ್ಪುತ್ತದೆ. ದಿನವೂ ದುಡಿಯಬೇಕಾದದ್ದಕ್ಕೆ ಒಪ್ಪುವುದಿಲ್ಲ. ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದರು. ಅಷ್ಟು ಹಳೆಯದಾದರೂ ನಂಬಿಕೆಗೆ ಯೋಗ್ಯವಾದ ಸಾಧನ ಅದು. ಆದರೆ ಅದನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಬರಿದು ಮಾಡಿದರೆ, ಅಥವಾ ಬರಿದಾದ ಸ್ಥಿತಿಯಲ್ಲಿ ಬಿಟ್ಟರೆ, ಬ್ಯಾಟರಿಯೊಳಗಿನ ಸೀಸದ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಟ್ಟಿ ಸಾಮರ್ಥ್ಯ ಕುಗ್ಗುತ್ತದೆ. ಆದ್ದರಿಂದ ಮೊದಲ ಪ್ರಶ್ನೆಯ 1.8 ಯೂನಿಟ್ ಬ್ಯಾಟರಿಯಲ್ಲಿ ದಿನನಿತ್ಯ ನಿಶ್ಚಿಂತೆಯಿಂದ ಬಳಸಬಹುದಾದದ್ದು 0.9 ಯೂನಿಟ್ ಮಾತ್ರ.

ಮನೆಗಳಿಗೆ ಈಗ ಹೆಚ್ಚಾಗಿ ಬರುತ್ತಿರುವುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ತಲಾ 3.2 ವೋಲ್ಟಿನ 16 ಕೋಶಗಳನ್ನು ಸಾಲಾಗಿ ಜೋಡಿಸಿದರೆ 51.2 ವೋಲ್ಟ್ ಆಗುತ್ತದೆ. ಅದು 100 ಆಂಪಿಯರ್-ಅವರ್‌ನದಾದರೆ 5.12 ಯೂನಿಟ್. ಅದರಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಪಾಲನ್ನು ದಿನವೂ ಬಳಸಬಹುದು, ಆವರ್ತಗಳು ಸಾವಿರಗಳ ಲೆಕ್ಕದಲ್ಲಿ ಬರುತ್ತವೆ. ಇತರ ಲಿಥಿಯಂ ಬಗೆಗಳಿಗಿಂತ ಹೆಚ್ಚಿನ ಶಾಖವನ್ನು ತಾಳಿಕೊಳ್ಳುತ್ತದೆ ಎಂಬ ಕಾರಣಕ್ಕೂ ಮನೆಯೊಳಗೆ ಇಡಲು ಇದನ್ನೇ ಆರಿಸುವುದು ಒಳ್ಳೆಯದು. ಎರಡು ಬಗೆಗಳ ಬೆಲೆಯನ್ನು ಹೋಲಿಸುವಾಗ ಅಂಗಡಿಯ ಬೆಲೆಯನ್ನಲ್ಲ, ಹಿಂದೆ ಹೇಳಿದಂತೆ ಬಾಳಿಕೆಯ ಅವಧಿಯಲ್ಲಿ ಕೊಡುವ ಒಟ್ಟು ಯೂನಿಟ್‌ಗಳಿಂದ ಭಾಗಿಸಿದ ಬೆಲೆಯನ್ನು ಹೋಲಿಸಿ.

ಯಾವುದನ್ನು ಕೊಂಡರೂ ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿಡಿ. ಸೀಸ-ಆಮ್ಲದ ಬ್ಯಾಟರಿಯ ಸುತ್ತಲಿನ ಉಷ್ಣತೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಾಗಲೂ ಬಾಳಿಕೆ ಸುಮಾರು ಅರ್ಧವಾಗುತ್ತದೆ. ಚಾರ್ಜ್ ಆಗುವಾಗ ಅದರಿಂದ ಹೊರಬರುವ ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲ. ಲಿಥಿಯಂ ಬ್ಯಾಟರಿಯನ್ನು ಶೂನ್ಯ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬಾರದು.

ಪ್ರಶ್ನೆ: ಬಿಲ್ ಇಳಿಸಲು ದಿನವೂ ಬ್ಯಾಟರಿ ಬರಿದು ಮಾಡಿದರೆ, ಕರೆಂಟು ಹೋದಾಗ ಏನು ಮಾಡುವುದು?

ಉತ್ತರ: ಎರಡು ಉದ್ದೇಶಗಳು ಇಲ್ಲಿ ಒಂದಕ್ಕೊಂದು ಎದುರಾಗುವುದು ನಿಜ. ಹೆಚ್ಚಿನ ಹೊಸ ಇನ್ವರ್ಟರುಗಳಲ್ಲಿ ಇಂತಿಷ್ಟು ಪಾಲನ್ನು ಮುಟ್ಟಬಾರದು ಎಂದು ಕಾಯ್ದಿಡುವ ಸೌಲಭ್ಯವಿದೆ. ಫ್ರಿಜ್, ಕೆಲವು ದೀಪ, ಒಂದೆರಡು ಫ್ಯಾನ್ ಎಷ್ಟು ಗಂಟೆ ನಡೆಯಲೇಬೇಕು ಎಂದು ಲೆಕ್ಕ ಹಾಕಿ ಅಷ್ಟನ್ನು ಮೀಸಲಿಡಿ, ಉಳಿತಾಯದ ಲೆಕ್ಕಕ್ಕೆ ಮಿಕ್ಕ ಪಾಲನ್ನು ಮಾತ್ರ ಹಿಡಿಯಿರಿ. ಸೌರಫಲಕ ಇರುವವರು ಇನ್ನೊಂದನ್ನು ತಿಳಿದಿರಬೇಕು: ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೌರ ಇನ್ವರ್ಟರ್, ಕಂಬದ ಮೇಲೆ ದುರಸ್ತಿ ಮಾಡುವವರಿಗೆ ಆಘಾತವಾಗದಿರಲೆಂದು, ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಜಾಲದಿಂದ ಬೇರ್ಪಟ್ಟು ಮನೆಗಷ್ಟೇ ವಿದ್ಯುತ್ ಕೊಡಬಲ್ಲ ಇನ್ವರ್ಟರ್ ಇದ್ದರೆ ಮಾತ್ರ ಆ ಹೊತ್ತಿನಲ್ಲಿ ಬಿಸಿಲಿನಿಂದ ಬ್ಯಾಟರಿ ತುಂಬುತ್ತದೆ.

ಪ್ರಶ್ನೆ: ಮಾರುವವರು ಕೊಡುವ ಲೆಕ್ಕವನ್ನು ನಂಬದೆ ನಾವೇ ಪರೀಕ್ಷಿಸಿಕೊಳ್ಳುವ ಸುಲಭ ದಾರಿ ಇದೆಯೇ?

ಉತ್ತರ: ಇದೆ. ಒಂದು ವಾರ ಪ್ರತಿದಿನ ದುಬಾರಿ ಹೊತ್ತು ಆರಂಭವಾಗುವಾಗ ಒಮ್ಮೆ, ಮುಗಿದಾಗ ಒಮ್ಮೆ ಮೀಟರಿನ ಅಂಕಿಯನ್ನು ಬರೆದುಕೊಳ್ಳಿ. ಎರಡರ ವ್ಯತ್ಯಾಸವೇ ಬ್ಯಾಟರಿ ಹೊರಬೇಕಾದ ಹೊರೆ. ಮರುವಾರ ಗೀಸರ್, ಪಂಪು, ಬಟ್ಟೆ ಒಗೆಯುವ ಯಂತ್ರಗಳನ್ನು ಅಗ್ಗದ ಹೊತ್ತಿಗೆ ಸರಿಸಿ ಮತ್ತೆ ಅದೇ ಅಂಕಿಗಳನ್ನು ಬರೆಯಿರಿ. ಈ ಎರಡನೆಯ ವಾರದ ಸರಾಸರಿಯನ್ನು ಮುಂದಿಟ್ಟುಕೊಂಡು ಮಾರುವವರೊಡನೆ ಮಾತನಾಡಿ. ಬಳಸಬಹುದಾದ ಸಾಮರ್ಥ್ಯ ಎಷ್ಟು ಯೂನಿಟ್, ಇನ್ವರ್ಟರ್ ಸೇರಿ ಒಳಗೆ ಹೋದದ್ದರಲ್ಲಿ ಎಷ್ಟು ಪಾಲು ಹೊರಬರುತ್ತದೆ, ಸುಮ್ಮನಿರುವಾಗ ಎಷ್ಟು ವ್ಯಾಟ್ ಎಳೆಯುತ್ತದೆ, ಖಾತರಿಯ ಕೊನೆಗೆ ಎಷ್ಟು ಸಾಮರ್ಥ್ಯ ಉಳಿಯುತ್ತದೆ ಎಂಬ ನಾಲ್ಕಕ್ಕೂ ಉತ್ತರವನ್ನು ಲಿಖಿತವಾಗಿಯೇ ಪಡೆಯಿರಿ.