.30-06 ರೈಫಲನ್ನು .300 ವಿಂಚೆಸ್ಟರ್ ಮ್ಯಾಗ್ನಮ್‌ಗೆ ಬದಲಾಯಿಸಿಕೊಳ್ಳಬಹುದೇ?

.30-06, .300 ವಿಂಚೆಸ್ಟರ್ ಮ್ಯಾಗ್ನಮ್ ಎರಡೂ ತೋಟಾಗಳ ಹೆಸರು. ಎರಡಕ್ಕೂ ಗುಂಡಿನ ವ್ಯಾಸ 7.8 ಮಿಲಿಮೀಟರೇ ಆಗಿರುವಾಗ ನಳಿಗೆಯನ್ನು ಉಳಿಸಿಕೊಂಡು, ಅದರ ಹಿಂತುದಿಯಲ್ಲಿ ತೋಟಾ ಕೂರುವ ಚೇಂಬರನ್ನಷ್ಟೇ ದೊಡ್ಡದು ಮಾಡಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಇದೇ ಲೆಕ್ಕಾಚಾರವನ್ನು ನಂಬಿ ನಾನು ಒಂದು ಒಳ್ಳೆಯ ರೈಫಲನ್ನು ಹಾಳುಮಾಡಿಕೊಂಡಿದ್ದೇನೆ.

ಚೇಂಬರ್ ಕೊರೆಸುವುದು, ತೋಟಾವನ್ನು ಚೇಂಬರಿಗೆ ತಳ್ಳಿ ಮುಚ್ಚುವ ಬೋಲ್ಟಿನ ಮುಖವನ್ನು ಅಗಲಿಸುವುದು, ಸಿಡಿದ ತೋಟಾವನ್ನು ಹೊರಗೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರ್ ಸರಿಪಡಿಸುವುದು ಇವೆಲ್ಲ ಅನುಭವಿ ಕುಶಲಕರ್ಮಿಯ ಕೈಯಲ್ಲಿ ಅಚ್ಚುಕಟ್ಟಾಗಿಯೇ ನಡೆದವು. ತೋಟಾ ತುಂಬುವ ಪೆಟ್ಟಿಗೆಯಾದ ಮ್ಯಾಗಜೀನ್ ಮುಟ್ಟುವುದು ಬೇಡ ಎಂದು ಹೇಳಿದವನು ಮಾತ್ರ ನಾನು. ತೋಟಾಗಳ ಅಳತೆಯ ಕೋಷ್ಟಕದಲ್ಲಿ ಎರಡರ ಒಟ್ಟು ಉದ್ದ 84.8 ಮಿಲಿಮೀಟರ್ ಎಂದಿತ್ತು. ಉದ್ದ ಸರಿಹೊಂದಿದ ಮೇಲೆ ಇನ್ನೇನು ಎಂದುಕೊಂಡೆ, ದಪ್ಪದ ಕಡೆ ಕಣ್ಣು ಹಾಯಿಸಲಿಲ್ಲ. .30-06ರ ತಳ 12 ಮಿಲಿಮೀಟರ್. ಮ್ಯಾಗ್ನಮ್‌ನದು, ತಳದ ಸುತ್ತ ಉಬ್ಬಿರುವ ಲೋಹದ ಪಟ್ಟಿಯೂ ಸೇರಿ, 13.5. ಮ್ಯಾಗಜೀನಿನಲ್ಲಿ ತೋಟಾಗಳು ಎಡಕ್ಕೊಂದು ಬಲಕ್ಕೊಂದು ಒರಗಿ ಕೂರುತ್ತವೆ, ಆ ಓರೆ ಎಷ್ಟಿರಬೇಕೆಂಬುದನ್ನು ಪೆಟ್ಟಿಗೆಯ ಅಗಲ ನಿರ್ಧರಿಸುತ್ತದೆ. ಅದೇ ಪೆಟ್ಟಿಗೆಗೆ ದಪ್ಪ ತೋಟಾ ತುಂಬಿದಾಗ ಅವು ಒರಗಲು ಜಾಗ ಸಾಲದೆ ಹೆಚ್ಚುಕಡಿಮೆ ಒಂದರ ತಲೆಯ ಮೇಲೊಂದು ನಿಂತವು, ಪೆಟ್ಟಿಗೆಯ ಬಾಯಲ್ಲಿ ತೋಟಾ ಹೊರಬೀಳದಂತೆ ತಡೆಯುವ ಅಂಚುಗಳು, ಅಂದರೆ ತುಟಿಗಳು, ಅವನ್ನು ಬಿಗಿಯಾಗಿ ಹಿಡಿದವು. ಬೋಲ್ಟ್ ತಳ್ಳಿದರೆ ಗುಂಡಿನ ಮೂತಿ ಚೇಂಬರಿನ ಕೆಳ ಅಂಚಿಗೆ ಬಡಿದು ಸೀಸದ ತುದಿ ಚಪ್ಪಟೆಯಾಗುತ್ತಿತ್ತು. ಕೆಲವೊಮ್ಮೆ ಬೋಲ್ಟ್ ತೋಟಾದ ಮೇಲೆಯೇ ಜಾರಿಹೋಗಿ ಖಾಲಿ ಚೇಂಬರಿನ ಮೇಲೆ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ತುಟಿಗಳನ್ನು ಅರದಿಂದ ತೀಡಿಸಿದೆ. ತೀಡಿದ್ದು ಕೂದಲೆಳೆಯಷ್ಟು ಹೆಚ್ಚಾಯಿತು, ಬೋಲ್ಟ್ ಹಿಂದೆಳೆದರೆ ಸಾಕು, ಮೇಲಿನ ತೋಟಾ ತಾನಾಗಿ ಹೊರಗೆ ಚಿಮ್ಮತೊಡಗಿತು. ಆ ತುಟಿಗಳು ಬೋಲ್ಟ್ ಚಲಿಸುವ ಉಕ್ಕಿನ ಚೌಕಟ್ಟಾದ ರಿಸೀವರಿನದೇ ಭಾಗ, ಒಮ್ಮೆ ತೀಡಿದ ಉಕ್ಕು ಮರಳಿ ಬರುವುದಿಲ್ಲ.

ಅಷ್ಟಕ್ಕೂ ನಿಮಗೆ ಮ್ಯಾಗ್ನಮ್ ಏಕೆ ಬೇಕು? 11.7 ಗ್ರಾಂ ಗುಂಡಿಗೆ ಸೆಕೆಂಡಿಗೆ ಸುಮಾರು 820 ಮೀಟರ್ ಇದ್ದ ವೇಗ 900ರ ಆಸುಪಾಸಿಗೆ ಏರುತ್ತದೆ, ನಿಜ. ಆದರೆ ಭುಜಕ್ಕೆ ಬೀಳುವ ಒದೆತವೂ ಬೋಲ್ಟಿನ ಮೇಲಿನ ಹೊರೆಯೂ ಅದರೊಡನೆ ಏರುತ್ತವೆ, ಮ್ಯಾಗಜೀನಿನಲ್ಲಿ ಹಿಡಿಯುವ ತೋಟಾಗಳು ಕಡಿಮೆಯಾಗುತ್ತವೆ. ಬಹುಪಾಲು ಬೇಟೆ ನಡೆಯುವ ದೂರದಲ್ಲಿ ಆ ವೇಗದಿಂದ ಲಾಭವೇನೂ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ಒಪ್ಪದಿದ್ದರೆ ಈಗಿರುವುದನ್ನು ಮಾರಿ, ಕಾರ್ಖಾನೆಯಲ್ಲೇ ಮ್ಯಾಗ್ನಮ್‌ಗೆಂದು ತಯಾರಾದ ರೈಫಲನ್ನೇ ಕೊಳ್ಳಿ.

ಬದಲಾಯಿಸಲೇಬೇಕೆಂದಿದ್ದರೆ ತಳದ ಅಳತೆ ಒಂದೇ ಇರುವ ಬಳಗದೊಳಗೆ ಇರಿ. 1925ರಲ್ಲಿ ಬಂದ .270 ವಿಂಚೆಸ್ಟರ್ .30-06ರ ಬಳಗದಲ್ಲೇ ಹುಟ್ಟಿದ್ದು, ಆದ್ದರಿಂದ ಬೋಲ್ಟ್ ಮತ್ತು ಮ್ಯಾಗಜೀನ್ ಸಾಮಾನ್ಯವಾಗಿ ಹಾಗೆಯೇ ನಡೆಯುತ್ತವೆ, ನಳಿಗೆಯನ್ನಷ್ಟೇ ಬದಲಿಸಬೇಕು. ಅದನ್ನೂ ಹೆಡ್‌ಸ್ಪೇಸನ್ನು (ಮುಚ್ಚಿದ ಬೋಲ್ಟಿಗೂ ಚೇಂಬರಿನಲ್ಲಿ ತೋಟಾವನ್ನು ತಡೆಯುವ ಜಾಗಕ್ಕೂ ನಡುವಿನ ಅಂತರವನ್ನು) ಗೇಜ್ ಹಿಡಿದು ಪರೀಕ್ಷಿಸಬಲ್ಲ ಪರವಾನಗಿದಾರ ಕುಶಲಕರ್ಮಿಯಿಂದಲೇ ಮಾಡಿಸಿ. ಬಂದೂಕುಗಳ ಸುರಕ್ಷತಾ ಪರೀಕ್ಷೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಸಿಐಪಿಯ ಒಪ್ಪಂದದ ದೇಶಗಳಲ್ಲಿ ಗರಿಷ್ಠ ಒತ್ತಡಕ್ಕಿಂತ ಶೇಕಡ 25ರಷ್ಟು ಹೆಚ್ಚು ಒತ್ತಡದ ತೋಟಾ ಸಿಡಿಸಿ ಮರುಪರೀಕ್ಷೆಯ ಮುದ್ರೆ ಪಡೆಯಬೇಕಾಗುತ್ತದೆ. ಪರವಾನಗಿಯಲ್ಲಿ ಕ್ಯಾಲಿಬರ್ ನಮೂದಾಗಿದ್ದರೆ ಕೆಲಸಕ್ಕೆ ಕೈಹಾಕುವ ಮೊದಲೇ ತಿದ್ದುಪಡಿಗೆ ಅರ್ಜಿ ಹಾಕಿ, ಹೊಸ ನಳಿಗೆಯ ಮೇಲೆ ತೋಟಾದ ಹೆಸರನ್ನು ಕೊರೆಸದೆ ರೈಫಲನ್ನು ಮನೆಗೆ ತರಬೇಡಿ.