ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಕ್ರೈಸ್ತರು ತಮ್ಮ ನಂಬಿಕೆಗೆ ತಕ್ಕಂತೆ ನಡೆಯುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಹಾಯಕ ಪ್ರಾಧ್ಯಾಪಕಿಯಾಗಿ ಸೇರಿ ಎರಡು ತಿಂಗಳಾಗಿದೆ ಅಂತ ಬರೆದಿದ್ದೀರಿ. ಯೇಸು ಸ್ವಾಮಿಯನ್ನು ನಂಬಿದವರು, ಆದರೆ ಕ್ಯಾಂಪಸ್ಸಿನ ಗೇಟು ದಾಟಿದ ಕೂಡಲೇ ಏನು ಮಾಡಬೇಕು ಅಂತ ತೋಚುತ್ತಿಲ್ಲ. ತರಗತಿಯಲ್ಲಿ ನಂಬಿಕೆಯ ಮಾತು ಆಡಬಹುದಾ, ಸುಮ್ಮನಿದ್ದರೆ ಕರ್ತನನ್ನು ಅಲ್ಲಗಳೆದ ಹಾಗಾಗುತ್ತಾ, ಮೇಜಿನ ಮೇಲೆ ಬೈಬಲಿನ ಒಂದು ವಚನ ಇಟ್ಟರೆ ಸಹೋದ್ಯೋಗಿಗಳು ಹಗುರವಾಗಿ ನೋಡುತ್ತಾರಾ, ಇಷ್ಟು ಕೇಳಿದ್ದೀರಿ. ಮುಂದಿನ ವಾರ ನಿಮ್ಮ ಮೊದಲ ಇಂಟರ್ನಲ್ಸ್ (ಆಂತರಿಕ ಪರೀಕ್ಷೆ) ಅಂತಲೂ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ. ನನಗೆ ಆ ಕೊನೆಯ ಸಾಲೇ ಮುಖ್ಯ ಅನ್ನಿಸಿತು. ಯಾಕೆ ಅಂತ ಹೇಳುತ್ತೇನೆ.

ನಾನು ಇಪ್ಪತ್ತೆರಡು ವರ್ಷದಿಂದ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಮೊದಲ ಕೆಲವು ವರ್ಷ ನನಗೂ ಇದೇ ಚಿಂತೆ ಇತ್ತು. ಸಾಕ್ಷಿ ಅಂದರೆ ಬಾಯಿಂದ ಹೇಳುವುದು ಅಂತಲೇ ಅಂದುಕೊಂಡಿದ್ದೆ. ಹೇಳಲು ಸಂದರ್ಭ ಸಿಗಲಿಲ್ಲ ಅಂತ ಒಳಗೊಳಗೇ ಕೊರಗುತ್ತಿದ್ದೆ.

ಈಗ ನಾನು ಪಾಠದ ಹೊತ್ತಿನಲ್ಲಿ ಸುವಾರ್ತೆ ಹೇಳುವುದಿಲ್ಲ. ಇದರಲ್ಲಿ ಹೆದರಿಕೆ ಏನೂ ಇಲ್ಲ. ನನ್ನ ಎದುರು ಕೂತವರು ಎದ್ದು ಹೋಗಲಾರರು, ಅಷ್ಟೇ ಕಾರಣ. ಹಾಜರಾತಿ ನನ್ನ ಕೈಯಲ್ಲಿದೆ, ಅಂಕ ನನ್ನ ಕೈಯಲ್ಲಿದೆ, ನಾಳೆ ಶಿಫಾರಸು ಪತ್ರ ಬರೆಯುವವನೂ ನಾನೇ. ನಾನು ಏನು ಹೇಳಿದರೂ ಅವರು ತಲೆ ಆಡಿಸಲೇಬೇಕು. ಹಾಗೆ ಆಡಿಸಿದ ತಲೆಗೆ ಏನು ಅರ್ಥ? ಯೇಸು ಸ್ವಾಮಿ ಯಾರನ್ನೂ ಹಾಗೆ ಕಟ್ಟಿ ಕೂರಿಸಲಿಲ್ಲ. ಆಸ್ತಿವಂತನಾದ ಒಬ್ಬ ಮನುಷ್ಯ ಅವರ ಮಾತು ಕೇಳಿ ಮುಖ ಬಾಡಿಸಿಕೊಂಡು ಹೊರಟಾಗ, ಹೋಗಲು ಬಿಟ್ಟರು. ಅವನನ್ನು ನೋಡಿ ಪ್ರೀತಿಸಿದರು ಅಂತ ಅದೇ ಕಥೆಯಲ್ಲಿ ಮಾರ್ಕನು ಬರೆದಿದ್ದಾನೆ. ಪ್ರೀತಿ ಇದ್ದೂ ಬಾಗಿಲು ತೆರೆದೇ ಇಟ್ಟರು. ನನ್ನ ತರಗತಿಯಲ್ಲಿ ಅಂಥ ಬಾಗಿಲು ಇಲ್ಲ. ಹಾಗಾಗಿ ಅಲ್ಲಿ ನಾನು ಪಾಠ ಮಾತ್ರ ಮಾಡುತ್ತೇನೆ, ಚೆನ್ನಾಗಿ ಮಾಡಲು ನೋಡುತ್ತೇನೆ.

ಹಾಗಂತ ಮುಚ್ಚಿಡಬೇಕಿಲ್ಲ. ಯಾರಾದರೂ ತಾವಾಗಿ ಕೇಳಿದರೆ ನೇರವಾಗಿ ಹೇಳಿ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸದಾ ಸಿದ್ಧರಾಗಿರಿ, ಆದರೆ ಮೃದುವಾಗಿ, ಗೌರವದಿಂದ ಕೊಡಿ ಅಂತ ಪೇತ್ರ ತನ್ನ ಮೊದಲ ಪತ್ರಿಕೆಯಲ್ಲಿ ಹೇಳುತ್ತಾನೆ. ಅಲ್ಲಿ 'ಕೇಳುವವರಿಗೆ' ಅನ್ನುವ ಮಾತನ್ನು ಗಮನಿಸಿ. ಒಮ್ಮೆ ಒಬ್ಬ ವಿದ್ಯಾರ್ಥಿನಿ ನನ್ನ ಕೊಠಡಿಗೆ ಬಂದು, 'ಸರ್, ನೀವು ದೇವರನ್ನ ನಿಜವಾಗ್ಲೂ ನಂಬ್ತೀರಾ?' ಅಂತ ಕೇಳಿದಳು. ಹೌದು ಅಂದೆ, ಎರಡು ನಿಮಿಷದಲ್ಲಿ ಯಾಕೆ ಅಂತ ಹೇಳಿದೆ. ಜಾಸ್ತಿ ಮಾತಾಡಬೇಕು ಅನ್ನಿಸಿದರೆ ಫಲಿತಾಂಶ ಬಂದ ಮೇಲೆ ಬಾ, ಆಗ ನನ್ನ ಕೈಯಲ್ಲಿ ನಿನ್ನ ಅಂಕ ಇರುವುದಿಲ್ಲ ಅಂದೆ. ಬಂದಳು. ನನ್ನ ಮಾತು ಅವಳಿಗೆ ಒಪ್ಪಿಗೆಯಾಗಲಿಲ್ಲ. ಆ ಸಂಜೆ ಎಷ್ಟು ಬಿಡುವಾಗಿ ವಾದ ಮಾಡಿದಳು ಅಂದರೆ, ಕಾದಿದ್ದು ಒಳ್ಳೆಯದಾಯಿತು ಅನ್ನಿಸಿತು.

ಈಗ ಆ ಇಂಟರ್ನಲ್ಸ್ ವಿಷಯ. ನಾಲ್ಕನೇ ವರ್ಷವೋ ಐದನೇ ವರ್ಷವೋ, ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಹುಡುಗನೊಬ್ಬ ನನ್ನ ತರಗತಿಗೆ ಸೇರಿದ. ಅವನ ಅಪ್ಪ ಅಮ್ಮ ನನಗೆ ಚೆನ್ನಾಗಿ ಗೊತ್ತು. ಭಾನುವಾರ ಪಕ್ಕದ ಸಾಲಿನಲ್ಲಿ ಕೂತು ಹಾಡುವವರು. ಹುಡುಗ ಒಳ್ಳೆಯವನು, ಓದಿನಲ್ಲಿ ಸಾಧಾರಣ. ಒಂದು ಇಂಟರ್ನಲ್ಸ್ ಮುಗಿದು ಉತ್ತರ ಪತ್ರಿಕೆ ಹಂಚಿದ ಮಾರನೇ ದಿನ ಇನ್ನೊಬ್ಬ ವಿದ್ಯಾರ್ಥಿ ಎರಡು ಪತ್ರಿಕೆ ಹಿಡಿದುಕೊಂಡು ಬಂದ. ಒಂದು ಅವನದು, ಇನ್ನೊಂದು ಈ ಹುಡುಗನದು. ಮೂರನೇ ಪ್ರಶ್ನೆಗೆ ಇಬ್ಬರೂ ಒಂದೇ ಜಾಗದಲ್ಲಿ ತಪ್ಪಿದ್ದರು. ಇಬ್ಬರೂ ಸಮೀಕರಣ ಸರಿಯಾಗಿ ಬರೆದು, ಗಡಿ ಷರತ್ತು (ಅಂಚಿನಲ್ಲಿ ಉತ್ತರ ಪಾಲಿಸಬೇಕಾದ ನಿಯಮ) ಹಾಕುವಾಗ ಎಡವಿದ್ದರು. ಪತ್ರಿಕೆ ತಂದವನಿಗೆ ಹತ್ತಕ್ಕೆ ನಾಲ್ಕು ಕೊಟ್ಟಿದ್ದೆ. ಸಭೆಯ ಹುಡುಗನಿಗೆ ಏಳು.

'ಸರ್, ಎಲ್ಲಿ ವ್ಯತ್ಯಾಸ ಅಂತ ಗೊತ್ತಾಗ್ಲಿಲ್ಲ' ಅಂತ ಮೆಲ್ಲಗೆ ಕೇಳಿದ. ಜಗಳಕ್ಕೆ ಬಂದವನಲ್ಲ. ನಿಜವಾಗಿಯೂ ಕಲಿಯಲು ಬಂದಿದ್ದ.

ನಾನು ಎರಡೂ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದೆ. ವ್ಯತ್ಯಾಸ ಇರಲಿಲ್ಲ. ಬೇಕಂತ ಮಾಡಿದ್ದೂ ಅಲ್ಲ. ಹೆಸರು ನೋಡಿದ್ದೆ, ಆ ಮುಖ ನೆನಪಾಗಿತ್ತು, 'ಇವನಿಗೆ ವಿಷಯ ಗೊತ್ತಿದೆ, ಬರೆಯುವಾಗ ಗಡಿಬಿಡಿ ಆಗಿರಬೇಕು' ಅಂತ ಕೈ ತಾನಾಗಿ ಏಳು ಬರೆದಿತ್ತು. ಇನ್ನೊಬ್ಬನ ವಿಷಯದಲ್ಲಿ ಹಾಗೆ ಯೋಚಿಸಲು ನನಗೆ ಅವನ ಪರಿಚಯವೇ ಇರಲಿಲ್ಲ.

ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬೇಡ ಅಂತ ಬೈಬಲಿನ ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿದೆ. ಚಿಕ್ಕಂದಿನಿಂದ ಕೇಳಿದ ಮಾತು. ಅದು ವ್ಯಾಪಾರಿಗಳಿಗೆ ಹೇಳಿದ್ದು ಅಂತ ಅಂದುಕೊಂಡಿದ್ದೆ. ಅವತ್ತು ನನ್ನ ಚೀಲದಲ್ಲೇ ಎರಡು ಕಲ್ಲು ಸಿಕ್ಕವು. ಅದರಲ್ಲೂ ನನಗೆ ಚುಚ್ಚಿದ್ದು ಏನೆಂದರೆ, ಆ ಎರಡನೇ ಕಲ್ಲು ನನ್ನ ನಂಬಿಕೆಯ ಒಡನಾಟದಿಂದಲೇ ಬಂದಿತ್ತು. ಆ ವಿದ್ಯಾರ್ಥಿಗೆ ನಾನು ಯಾವ ಸಭೆಗೆ ಹೋಗುತ್ತೇನೆ ಅಂತ ಗೊತ್ತಿತ್ತು. ಅವನ ಕಣ್ಣಿಗೆ ಆ ಏಳು ಅಂಕವೇ ನನ್ನ ಸಾಕ್ಷಿ ಅಲ್ವಾ?

ಕ್ಷಮಿಸು ಅಂದೆ. ಎರಡೂ ಪತ್ರಿಕೆಯ ಹೆಸರು ಮುಚ್ಚಿ ಒಬ್ಬ ಸಹೋದ್ಯೋಗಿಗೆ ಕೊಟ್ಟೆ. ಅವರು ಇಬ್ಬರಿಗೂ ಐದು ಕೊಟ್ಟರು. ಅಷ್ಟಕ್ಕೇ ಬಿಡುವ ಹಾಗಿರಲಿಲ್ಲ. ಇಡೀ ಕಟ್ಟನ್ನು ಮತ್ತೆ ತಿದ್ದಿದೆ. ಇನ್ನೂ ಕೆಲವರ ಅಂಕ ಬದಲಾಯಿತು. ತರಗತಿಯಲ್ಲಿ ನಿಂತು, ತಿದ್ದುವಾಗ ನನ್ನಿಂದ ತಪ್ಪಾಗಿದೆ, ಸರಿ ಮಾಡಿದ್ದೇನೆ ಅಂತ ಹೇಳಿದೆ. ಸಭೆಯ ಹುಡುಗನನ್ನು ಬೇರೆಯಾಗಿ ಕರೆದು ವಿವರಿಸಿದೆ. ಅವನು ಒಪ್ಪಿಕೊಂಡ. ಅವನ ಮನೆಯವರು ಮಾತ್ರ ಕೆಲವು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನಮ್ಮವರೇ ಹೀಗೆ ಮಾಡಿದರೆ ಹೇಗೆ ಅಂತ ಅವರಿಗೆ ನೋವಾಗಿತ್ತು.

ಯಾಜಕಕಾಂಡ 19ನೇ ಅಧ್ಯಾಯದಲ್ಲಿ ಒಂದು ಮಾತಿದೆ: ನ್ಯಾಯ ತೀರಿಸುವಾಗ ಬಡವನೆಂದು ಪಕ್ಷ ವಹಿಸಬೇಡ, ದೊಡ್ಡವನೆಂದು ಮುಖ ನೋಡಬೇಡ. ಬಡವನ ವಿಷಯದಲ್ಲೂ ಹಾಗೆ ಹೇಳಿರುವುದು ಮೊದಲು ನನಗೆ ವಿಚಿತ್ರ ಅನ್ನಿಸುತ್ತಿತ್ತು. ಈಗ ಅರ್ಥವಾಗುತ್ತದೆ. ಕಷ್ಟದಲ್ಲಿರುವ ವಿದ್ಯಾರ್ಥಿಗೆ ಅಂಕ ಸೇರಿಸುವುದು ಸಹಾಯ ಅಲ್ಲ. ಅವನಿಗೆ ಬೇಕಾದದ್ದು ನನ್ನ ಸಮಯ. ಸಂಜೆ ಒಂದು ಗಂಟೆ ಕೂತು ಆ ಗಡಿ ಷರತ್ತು ಅರ್ಥವಾಗುವವರೆಗೆ ಹೇಳಿಕೊಡಬೇಕು. ಅಂಕ ಸೇರಿಸುವುದು ಸುಲಭ, ಹಾಗಾಗಿ ನಾವು ಅದನ್ನು ಕರುಣೆ ಅಂತ ಕರೆದುಬಿಡುತ್ತೇವೆ.

ಸಂಶೋಧನೆಯಲ್ಲೂ ಇದೇ ಕಥೆ. ನನ್ನ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬಳು ನನ್ನ ಹಳೆಯ ಪೇಪರಿನಲ್ಲಿ ಒಂದು ಚಿಹ್ನೆ ತಪ್ಪಾಗಿರುವುದನ್ನು ಕಂಡುಹಿಡಿದಳು. ಪ್ಲಸ್ ಇರಬೇಕಾದ ಕಡೆ ಮೈನಸ್. ಮುಖ್ಯ ತೀರ್ಮಾನ ಉಳಿಯುತ್ತಿತ್ತು, ಒಂದು ಗ್ರಾಫ್ ಮಾತ್ರ ಬಿದ್ದುಹೋಗುತ್ತಿತ್ತು. ಅದೇ ಸಮಯಕ್ಕೆ ನನ್ನ ಬಡ್ತಿಯ ಕಡತ ಮೇಲೆ ಹೋಗಿತ್ತು. ಯಾರೂ ಗಮನಿಸಿರಲಿಲ್ಲ. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮೂರನೇ ದಿನ ಜರ್ನಲ್ಲಿಗೆ ತಿದ್ದುಪಡಿ ಕಳಿಸಿದೆ, ತಪ್ಪು ಕಂಡುಹಿಡಿದವಳ ಹೆಸರನ್ನೂ ಅದರಲ್ಲಿ ಹಾಕಿದೆ. ಸುಳ್ಳು ಸಾಕ್ಷಿ ಹೇಳಬೇಡ ಅನ್ನುವ ಆಜ್ಞೆ ಗ್ರಾಫಿಗೂ ಸೇರುತ್ತದೆ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ನಿಮಗೆ ಗೊತ್ತಿರಬಹುದು. ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದವರು, ಲುಥೆರನ್ ಸಭೆಯವರು. ತಮ್ಮ ಪುಸ್ತಕದಲ್ಲಿ ತಪ್ಪು ತೋರಿಸಿದ ಮೊದಲಿಗರಿಗೆ 2.56 ಡಾಲರಿನ ಚೆಕ್ ಕಳಿಸುವ ರೂಢಿ ಇಟ್ಟುಕೊಂಡಿದ್ದವರು. ಅದು ಅವರ ನಂಬಿಕೆಯಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ನನ್ನ ತಪ್ಪು ತೋರಿಸಿದವರಿಗೆ ಕೃತಜ್ಞನಾಗಿರಬೇಕು ಅನ್ನುವುದನ್ನು ಅವರನ್ನು ನೋಡಿ ಕಲಿತೆ.

ನೀವು ಕೇಳದೇ ಇದ್ದರೂ ಒಂದು ವಿಷಯ ಹೇಳಬೇಕು, ಯಾಕೆಂದರೆ ಬೇರೆಯವರು ಕೇಳೇ ಕೇಳುತ್ತಾರೆ. ವಿಜ್ಞಾನ ಮತ್ತು ನಂಬಿಕೆ ಒಟ್ಟಿಗೆ ಹೇಗೆ? ನನಗೆ ಇದರಲ್ಲಿ ದಾರಿ ತೋರಿಸಿದವರು ಜಾರ್ಜ್ ಲೆಮೈತ್ರ್. ಕ್ಯಾಥೊಲಿಕ್ ಪಾದ್ರಿ, ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದವರು. 1931ರಲ್ಲಿ ಆದಿ ಪರಮಾಣುವಿನ ಕಲ್ಪನೆ, ಅಂದರೆ ಇಡೀ ವಿಶ್ವ ಒಂದೇ ಕಣದಿಂದ ಶುರುವಾಯಿತು ಅನ್ನುವುದನ್ನು, ಮುಂದಿಟ್ಟರು. ಇಂದಿನ ಬಿಗ್ ಬ್ಯಾಂಗ್ ಸಿದ್ಧಾಂತದ ಮೂಲ ಅಲ್ಲಿದೆ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರು ಈ ಹೊಸ ವಿಜ್ಞಾನ ಸೃಷ್ಟಿಯ ನಂಬಿಕೆಗೆ ಬೆಂಬಲ ಕೊಡುತ್ತದೆ ಅನ್ನುವ ಹಾಗೆ ಮಾತಾಡಿದರು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಲೆಮೈತ್ರ್ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಯ ಆಚೆಗೆ ನಿಲ್ಲುತ್ತದೆ, ಅದರ ಸರಿ ತಪ್ಪು ವಿಜ್ಞಾನದೊಳಗೇ ತೀರ್ಮಾನವಾಗಬೇಕು ಅನ್ನುವುದು ಅವರ ನಿಲುವು. ಸಮೀಕರಣವನ್ನು ದೇವರ ಪರವಾಗಿ ವಕಾಲತ್ತಿಗೆ ನಿಲ್ಲಿಸಲಿಲ್ಲ. ಅವರಿಗೆ ದೇವರ ಮೇಲೆ ಅಷ್ಟು ಭರವಸೆ ಇತ್ತು ಅಂತ ನಾನು ಓದಿಕೊಳ್ಳುತ್ತೇನೆ.

ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯ 1874ರಲ್ಲಿ ತೆರೆದಾಗ ಅದರ ಮೊದಲ ಮುಖ್ಯಸ್ಥ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್, ಆಳವಾದ ಕ್ರೈಸ್ತ ನಂಬಿಕೆಯವರು. ಅದರ ಬಾಗಿಲ ಮೇಲೆ 111ನೇ ಕೀರ್ತನೆಯ ಒಂದು ಸಾಲನ್ನು ಲ್ಯಾಟಿನ್ನಿನಲ್ಲಿ ಕೆತ್ತಿದ್ದಾರೆ. ಕರ್ತನ ಕೆಲಸಗಳು ದೊಡ್ಡವು, ಅವುಗಳಲ್ಲಿ ಸಂತೋಷಪಡುವವರೆಲ್ಲ ಅವನ್ನು ಹುಡುಕಿ ನೋಡುತ್ತಾರೆ ಅಂತ ಅದರ ಅರ್ಥ. ಪ್ರಯೋಗಾಲಯಕ್ಕೆ ಹೋಗುವಾಗ ಆ ಸಾಲು ನನಗೆ ಎಷ್ಟೋ ಸಲ ನೆನಪಾಗುತ್ತದೆ. ಹುಡುಕುವುದೇ ಒಂದು ಬಗೆಯ ಆರಾಧನೆ ಅನ್ನಿಸುತ್ತದೆ.

ಸಹೋದ್ಯೋಗಿಗಳ ಬಗ್ಗೆ ನೀವು ಇಷ್ಟು ಹೆದರಬೇಕಿಲ್ಲ. ಕೆಲವರು ಹಗುರವಾಗಿ ಮಾತಾಡಬಹುದು, ತಡೆದುಕೊಳ್ಳಿ. ನಾನು ಹೆಸರು ಮುಚ್ಚಿ ಕೊಟ್ಟ ಪತ್ರಿಕೆಗಳನ್ನು ತಿದ್ದಿಕೊಟ್ಟರಲ್ಲ, ಆ ಸಹೋದ್ಯೋಗಿ ದೇವರನ್ನು ನಂಬುವವರಲ್ಲ. ನಮ್ಮ ವಿಭಾಗದಲ್ಲಿ ಅವರಷ್ಟು ನ್ಯಾಯವಾಗಿ ಅಂಕ ಕೊಡುವವರನ್ನು ನಾನು ನೋಡಿಲ್ಲ. ಹೆಸರು ಮುಚ್ಚುವ ಉಪಾಯವೂ ಅವರದೇ. ಒಳ್ಳೆಯತನ ನಮ್ಮ ಸಭೆಯ ಆಸ್ತಿ ಅಂದುಕೊಂಡಿದ್ದರೆ ಅವರಿಂದ ನಾನು ಏನೂ ಕಲಿಯುತ್ತಿರಲಿಲ್ಲ. ಅವರಿಗಾಗಿ ದಿನಾ ಪ್ರಾರ್ಥಿಸುತ್ತೇನೆ. ಅದು ಅವರಿಗೂ ಗೊತ್ತು. 'ಮಾಡಿ, ಬೇಡ ಅನ್ನಲ್ಲ' ಅನ್ನುತ್ತಾರೆ.

ನನಗೆ ಸಹೋದ್ಯೋಗಿಗಳಿಗಿಂತ ಹೆಚ್ಚು ಅಪಾಯ ನನ್ನ ಹುದ್ದೆಯಿಂದಲೇ ಇದೆ. ಇಲ್ಲಿ ಎಲ್ಲರೂ ಸರ್ ಅನ್ನುತ್ತಾರೆ, ಎದ್ದು ನಿಲ್ಲುತ್ತಾರೆ, ನಾವು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಕೆಲವೇ ವರ್ಷದಲ್ಲಿ ಅದು ತಲೆಗೇರುತ್ತದೆ. ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಅಂತ ಪೌಲನು ಕೊರಿಂಥದವರಿಗೆ ಬರೆದ. ಗುರು ಅನ್ನಿಸಿಕೊಳ್ಳಬೇಡಿ, ನಿಮಗೆ ಒಬ್ಬನೇ ಬೋಧಕ, ನೀವೆಲ್ಲ ಸಹೋದರರು ಅಂತ ಯೇಸು ಸ್ವಾಮಿ ಹೇಳಿದ್ದು ಮತ್ತಾಯನಲ್ಲಿದೆ. ಸಭೆಯಲ್ಲೂ ನನ್ನನ್ನು 'ಪ್ರೊಫೆಸರ್' ಅಂತ ಮುಂದಿನ ಸಾಲಿಗೆ ಕರೆಯುತ್ತಿದ್ದರು. ಈಗ ಆರಾಧನೆ ಮುಗಿದ ಮೇಲೆ ಕುರ್ಚಿ ಎತ್ತಿಡುವ ಕೆಲಸ ಕೇಳಿ ತೆಗೆದುಕೊಂಡಿದ್ದೇನೆ. ನನ್ನ ಜೊತೆ ಎತ್ತುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೂ ಒಬ್ಬ. ಹೌದು, ಆ ಏಳು ಅಂಕದ ಹುಡುಗ. ಅಂದಹಾಗೆ, ಭಾನುವಾರ ನಾನು ಉತ್ತರ ಪತ್ರಿಕೆ ಮುಟ್ಟುವುದಿಲ್ಲ. ಸೋಮವಾರ ಬೇಗ ಏಳುತ್ತೇನೆ.

ಮೇಜಿನ ಮೇಲಿನ ವಚನದ ಬಗ್ಗೆ ನೀವೇ ತೀರ್ಮಾನಿಸಿ. ಅಲ್ಲಿನ ನಿಯಮ ಒಪ್ಪಿದರೆ ಇಡಿ. ಆದರೆ ಅದು ನಿಮ್ಮ ಕಡೆ ಮುಖ ಮಾಡಿರಲಿ. ನನ್ನದು ಹಾಗೇ ಇದೆ. ಯಾಕೋಬನ ಪತ್ರಿಕೆ ಮೂರನೇ ಅಧ್ಯಾಯದ ಮೊದಲ ವಚನ, ಬೋಧಕರಾದ ನಮಗೆ ಹೆಚ್ಚು ಕಠಿಣವಾದ ತೀರ್ಪು ಆಗುತ್ತದೆ ಅನ್ನುವುದು.

ಮುಂದಿನ ವಾರ ಕಟ್ಟು ಕೈಗೆ ಬಂದಾಗ ಹೀಗೆ ಮಾಡಿ ನೋಡಿ. ಮೊದಲು ಹಾಜರಾತಿ ಪಟ್ಟಿ ತೆಗೆದು ಪ್ರತಿ ಹೆಸರಿಗೂ ಒಂದು ಸಣ್ಣ ಪ್ರಾರ್ಥನೆ ಮಾಡಿ. ಕಷ್ಟ ಕೊಡುವವರ ಹೆಸರಿನ ಹತ್ತಿರ ಸ್ವಲ್ಪ ನಿಲ್ಲಿ. ಆಮೇಲೆ ಪಟ್ಟಿಯನ್ನು ಡ್ರಾಯರಿನಲ್ಲಿಡಿ. ಉತ್ತರ ಪತ್ರಿಕೆಯ ಮೊದಲ ಪುಟವನ್ನು ಹಿಂದಕ್ಕೆ ಮಡಚಿ, ಹೆಸರು ಕಾಣಬಾರದು. ಒಬ್ಬರದು ಪೂರ್ತಿ ತಿದ್ದಿ ಇನ್ನೊಬ್ಬರದಕ್ಕೆ ಹೋಗಬೇಡಿ. ಎಲ್ಲರ ಮೊದಲ ಪ್ರಶ್ನೆ ಮುಗಿಸಿ, ಕಟ್ಟನ್ನು ಕಲಸಿ, ಆಮೇಲೆ ಎರಡನೇ ಪ್ರಶ್ನೆಗೆ ಹೋಗಿ. ಸುಸ್ತಾದರೆ ನಿಲ್ಲಿಸಿ, ಕೊನೆಯ ಪತ್ರಿಕೆಯವರಿಗೆ ನಿಮ್ಮ ಸಿಟ್ಟು ಹೋಗಬಾರದು. ಯಾರಾದರೂ ಎರಡು ಪತ್ರಿಕೆ ಹಿಡಿದುಕೊಂಡು ಬಾಗಿಲಲ್ಲಿ ನಿಂತರೆ ಒಳಗೆ ಕರೆದು ಕುರ್ಚಿ ಕೊಡಿ.